ಅಮೃತಬಳ್ಳಿ: ಗುಣ ಮತ್ತು ಎಚ್ಚರ

2020ರ ಮಾರ್ಚ್ ತಿಂಗಳಲ್ಲಿ ಕಲಬುರಗಿಯ ವೃದ್ಧರೊಬ್ಬರ ಮರಣವು ಭಾರತದ ಮೊದಲ ಕೋವಿಡ್ ಸಾವೆಂದು ದಾಖಲಾಯಿತು. ಆ ಭಯವು ಆಳಂದ, ಅಫಜಲಪುರ, ಜೇವರ್ಗಿಗಳ ಹಳ್ಳಿಹಳ್ಳಿಗೂ ಮುಟ್ಟಿತು. ಭೀಮಾತೀರದ ನಮ್ಮೂರಲ್ಲಿ ಅಮೃತಬಳ್ಳಿಯ ಕಷಾಯ ಕಾಸದ ಮನೆಯೇ ಇರಲಿಲ್ಲ. ನಮ್ಮ ದೊಡ್ಡವ್ವ ವರ್ಷ ಕಳೆದರೂ ಅದನ್ನು ಬಿಡಲಿಲ್ಲ. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುತ್ತಿದ್ದ ಆಕೆ ಒಂದು ಮುಂಜಾನೆ ಬೆವರಿ, ಕೈಕಾಲು ನಡುಗಿ ಕುಸಿದಳು. ಬೆಲ್ಲದ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡಳು. ಕಷಾಯದ ಮಾತನ್ನು ವೈದ್ಯರಿಗೆ ಯಾರೂ ಹೇಳಿರಲಿಲ್ಲ. ಈ ಬಳ್ಳಿಯನ್ನು ಕುರಿತು ಓದುವ ಹಂಬಲ ನನಗೆ ಅಂದು ಹುಟ್ಟಿತು.

ಇದಕ್ಕೆ ಸಂಸ್ಕೃತದಲ್ಲಿ ಗುಡೂಚಿ, ಹಿಂದಿಯಲ್ಲಿ ಗಿಲೋಯ್, ಸಸ್ಯಶಾಸ್ತ್ರದಲ್ಲಿ ಟಿನೋಸ್ಪೊರ ಕಾರ್ಡಿಫೋಲಿಯ ಎಂದು ಹೆಸರು. ಆಯುರ್ವೇದವು ಇದರ ಕಾಂಡವನ್ನು ಜ್ವರ, ಮಧುಮೇಹ, ವಾತರಕ್ತಗಳಲ್ಲಿ ಬಳಸುತ್ತದೆ. ರಕ್ತದ ಸಕ್ಕರೆಯನ್ನು ಇಳಿಸುವ ಗುಣವೂ, ದೇಹದ ರಕ್ಷಕಕಣಗಳನ್ನು ಚುರುಕುಗೊಳಿಸುವ ಗುಣವೂ ಪ್ರಯೋಗಗಳಲ್ಲಿ ಕಂಡುಬಂದಿವೆ.

ಆದರೆ ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೆ? ಜೋಳದ ಹೊಲದಲ್ಲಿ ಕವಣೆ ಬೀಸುವ ಕಾವಲುಗಾರನನ್ನು ನೆನೆಯಿರಿ. ಹಕ್ಕಿಗೆ ಬೀಸಿದ ಕಲ್ಲು ಬೆಳೆಯನ್ನು ಉಳಿಸುತ್ತದೆ. ಗುರಿಯಿಲ್ಲದೆ ಬೀಸಿದ್ದು ತೆನೆಯನ್ನೇ ಮುರಿಯುತ್ತದೆ. ದೇಹದ ಕಾವಲೂ ದಿಕ್ಕುಗೆಟ್ಟರೆ ತನ್ನ ಅಂಗಗಳ ಮೇಲೆಯೇ ಬೀಳುತ್ತದೆ. ಒಂದು ಬಗೆಯ ಸಂಧಿವಾತ, ಕೆಲವು ಥೈರಾಯ್ಡ್ ರೋಗಗಳು ಹೀಗೆ ಹುಟ್ಟುತ್ತವೆ. ಲಸಿಕೆಯಾದರೋ ಕಾವಲುಗಾರನಿಗೆ ಹಕ್ಕಿಯ ಗುರುತನ್ನು ಕಲಿಸುತ್ತದೆ. ಆದುದರಿಂದ ಕಷಾಯವು ಲಸಿಕೆಗೆ ಬದಲಾಗದು.

2021ರಲ್ಲಿ ಮುಂಬಯಿಯ ವೈದ್ಯರು ಈ ಬಳ್ಳಿಯನ್ನು ಸೇವಿಸಿದ 6 ಜನರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. 2022ರಲ್ಲಿ ಪ್ರಕಟವಾದ, ದೇಶದ 13 ಕೇಂದ್ರಗಳ ಅಧ್ಯಯನದಲ್ಲಿ ಇಂಥ 43 ರೋಗಿಗಳಿದ್ದರು. ಆಯುಷ್ ಸಚಿವಾಲಯವು ಇದನ್ನು ಒಪ್ಪಲಿಲ್ಲ. ತಕ್ಕ ಪ್ರಮಾಣದಲ್ಲಿ ಅಮೃತಬಳ್ಳಿ ನಿರಪಾಯವೆಂದೂ, ಇದನ್ನೇ ಹೋಲುವ ಟಿನೋಸ್ಪೊರ ಕ್ರಿಸ್ಪ ಎಂಬ ಬಳ್ಳಿಯೊಡನೆ ಗೊಂದಲವಾಗಬಹುದೆಂದೂ ಹೇಳಿತು. ಆ ಬಳ್ಳಿಯ ಕಾಂಡದ ತುಂಬ ಸಣ್ಣ ಗುಳ್ಳೆಯಂಥ ಉಬ್ಬುಗಳಿರುತ್ತವೆ.

ಎರಡು ವಾದಗಳಿಂದಲೂ ನಮಗೆ ಸಿಗುವ ಪಾಠ ಒಂದೇ: ಬಳ್ಳಿಯ ಗುರುತು, ಅಳತೆ, ಅವಧಿ ಮೂರೂ ತಿಳಿಯದೆ ಸೇವಿಸಬಾರದು. ಮಧುಮೇಹದ ಗುಳಿಗೆ ನುಂಗುವವರು, ಗರ್ಭಿಣಿಯರು, ಮೇಲೆ ಹೇಳಿದಂಥ ಸಂಧಿವಾತ, ಥೈರಾಯ್ಡ್ ರೋಗಗಳುಳ್ಳವರು, ಮೂತ್ರಪಿಂಡದ ಕಸಿ ಮಾಡಿಸಿಕೊಂಡವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಹಿರಿಯರೇ ಹೇಳಿದ್ದಾರೆ. ಸಹಪಾಠಿ ಮಿತ್ರರೆ, ನಮ್ಮಲ್ಲಿ ಅನೇಕರ ಮನೆಗಳಲ್ಲಿ ವೈದ್ಯರ ಚೀಟಿಯನ್ನು ಓದಬಲ್ಲವರು ನಾವೊಬ್ಬರೇ. ಹಿರಿಯರೊಡನೆ ಆಸ್ಪತ್ರೆಗೆ ಹೋದಾಗ, ಮನೆಯಲ್ಲಿ ಕುಡಿಯುವ ಕಷಾಯದ ಹೆಸರನ್ನೂ ವೈದ್ಯರಿಗೆ ಹೇಳೋಣ. ನಮ್ಮ ಓದಿನಿಂದ ಮನೆಗೆ ಅಷ್ಟಾದರೂ ಉಪಕಾರವಾಗಲಿ.