ಕೀಳುವ ಹೊತ್ತು ಕೈಗೆ ಗೊತ್ತಾಗಬೇಕು

ನಾಯಂಡಹಳ್ಳಿಯಲ್ಲಿ ಹೊಲ ನೋಡಬೇಕೆಂದರೆ ಈಗ ತಾರಸಿ ಹತ್ತಬೇಕು. ಕೆಳಗೆ ಮೈಸೂರು ರಸ್ತೆ, ರಿಂಗ್ ರೋಡು, 2021ರಿಂದ ಕೆಂಗೇರಿಗೆ ಓಡುತ್ತಿರುವ ಮೆಟ್ರೊ. ಮೇಲೆ ಗ್ರೋ ಬ್ಯಾಗು, ಹಳೇ ಪೇಂಟ್ ಡಬ್ಬ, ಸೀಳಿದ ನೀರಿನ ಡ್ರಮ್ಮು, ಅವುಗಳಲ್ಲಿ ಬೆಂಡೆ, ಬದನೆ, ಅವರೆ. ಬಿತ್ತುವುದು, ಗೊಬ್ಬರ ಹಾಕುವುದು ಎಲ್ಲ ಮೊಬೈಲ್ ನೋಡಿ ಕಲಿತುಬಿಡುತ್ತೀರಿ. ಎಡವುವುದು ಕಾಯಿ ಬಿಟ್ಟ ಮೇಲೆ. ಒಬ್ಬರು ಫೋಟೊ ಚೆನ್ನಾಗಿ ಬರಲೆಂದು ಬೆಂಡೆಕಾಯಿ ಬಲಿಯುವ ತನಕ ಬಿಡುತ್ತಾರೆ. ಇನ್ನೊಬ್ಬರು ಅಳಿಲಿಗೆ ಹೆದರಿ ಸೀತಾಫಲವನ್ನು ಕಲ್ಲಿನಂತಿರುವಾಗಲೇ ಕೀಳುತ್ತಾರೆ. ಅಂಥವರಿಗೆಂದು ಬರೆದದ್ದು ಇದು.

• ಬೀಜದ ಪೊಟ್ಟಣದ ಮೇಲೆ 45 ದಿನ, 60 ದಿನ ಎಂದು ಬರೆದಿರುವುದು ದಿನವಿಡೀ ಬಿಸಿಲು ಬೀಳುವ ಹೊಲದ ಲೆಕ್ಕ. ಪಕ್ಕದ ನಾಲ್ಕಂತಸ್ತಿನ ಕಟ್ಟಡದ ನೆರಳು ಮಧ್ಯಾಹ್ನಕ್ಕೇ ಬೀಳುವ ನಿಮ್ಮ ತಾರಸಿಗೆ ಅದು ಒಪ್ಪುವುದಿಲ್ಲ. ಆ ದಿನದಿಂದ ಗಿಡವನ್ನು ಗಮನಿಸಲು ಶುರುಮಾಡಿ, ಅಷ್ಟೇ.

• ಮೊದಲು ಗುಂಪು ಮಾಡಿಕೊಳ್ಳಿ. ಬೆಂಡೆ, ಹೀರೆ, ಪಡವಲ, ಸೌತೆ, ಬದನೆ, ಹುರುಳಿಕಾಯಿ ಎಳೆಯದರಲ್ಲೇ ಕೀಳುವಂಥವು. ಕುಂಬಳ, ಗೆಣಸು, ಅರಿಶಿನ, ಬಾಳೆ, ಸೀತಾಫಲ ಬಲಿಯಲು ಬಿಡುವಂಥವು. ಮೊದಲನೆಯ ಗುಂಪಿಗೆ ತಡ ಮಾಡುವುದು, ಎರಡನೆಯದಕ್ಕೆ ಅವಸರ ಮಾಡುವುದು, ಇವೆರಡೇ ಕಾಯಿಲೆ.

• ಬೆಂಡೆ ಹೂಬಿಟ್ಟ ಐದಾರು ದಿನಕ್ಕೆ ಸಿದ್ಧ. ತುದಿ ಮುರಿದು ನೋಡಿ. ಟಕ್ಕನೆ ಮುರಿದರೆ ಸರಿ, ನಾರು ಎಳೆದುಕೊಂಡು ಬಗ್ಗಿದರೆ ಹೊತ್ತು ಮೀರಿದೆ. ದಿನ ಬಿಟ್ಟು ದಿನ ಕೀಳಲೇಬೇಕು. ಒಂದೆರಡು ಕಾಯಿ ಬಲಿಯಲು ಬಿಟ್ಟರೂ ಗಿಡ ಬೀಜದ ಕೆಲಸಕ್ಕೆ ಇಳಿದು ಹೊಸ ಹೂವು ಕಡಿಮೆ ಮಾಡುತ್ತದೆ. ಊರಿಗೆ ಹೋಗುವುದಿದ್ದರೆ ಪಕ್ಕದ ಮನೆಯವರಿಗೆ ‘ಕಿತ್ತುಕೊಂಡು ಸಾರು ಮಾಡ್ಕೊಳ್ಳಿ’ ಎಂದು ಹೇಳಿ ಹೋಗಿ. ಅವರಿಗೂ ಸಾರು, ನಿಮ್ಮ ಗಿಡಕ್ಕೂ ಲಾಭ.

• ಹೀರೆ, ಸೋರೆಗೆ ಉಗುರೇ ಪರೀಕ್ಷೆ. ತೊಟ್ಟಿನ ಹತ್ತಿರ ಮೆಲ್ಲಗೆ ಒತ್ತಿದರೆ ಉಗುರು ಸಲೀಸಾಗಿ ಇಳಿಯಬೇಕು. ಎಳೆ ಸೋರೆಯ ಮೈಮೇಲೆ ನವಿರಾದ ರೋಮವಿರುತ್ತದೆ, ಬಲಿತಂತೆ ಅದು ಉದುರಿ ಮೈ ನುಣ್ಣಗಾಗುತ್ತದೆ. ಸೋರೆಯ ವಿಷಯದಲ್ಲಿ ಇನ್ನೊಂದು ಮಾತು, ಇದನ್ನು ತಮಾಷೆಗೆ ತೆಗೆದುಕೊಳ್ಳಬೇಡಿ. ಹೆಚ್ಚುವಾಗ ಚೂರು ನಾಲಿಗೆ ತುದಿಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗಿದು ಇಡೀ ಕಾಯಿಯನ್ನು ಎಸೆಯಿರಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು, ಬೇಯಿಸಿದರೂ ಹೋಗುವುದಿಲ್ಲ. ಕಹಿ ಸೋರೆಯ ಜ್ಯೂಸ್ ಕುಡಿದು ಜನ ಸತ್ತಿದ್ದಾರೆ, ಐಸಿಎಂಆರ್ ನೇಮಿಸಿದ್ದ ತಜ್ಞರೂ ಅದನ್ನು ಕುಡಿಯಬಾರದೆಂದೇ ಹೇಳಿದ್ದಾರೆ. ಬೆಳಿಗ್ಗೆ ಪಾರ್ಕಿನಲ್ಲಿ ಸೋರೆ ಜ್ಯೂಸಿನ ಗುಣಗಾನ ಮಾಡುವವರು ಇದೊಂದನ್ನು ಬಿಟ್ಟು ಉಳಿದೆಲ್ಲ ಹೇಳುತ್ತಾರೆ.

• ಬದನೆ ಹೊಳೆಯುವಾಗಲೇ ಕೀಳಿ. ಹೆಬ್ಬೆರಳಲ್ಲಿ ಒತ್ತಿದ ಗುಳಿ ಮೇಲೆದ್ದು ಬಂದರೆ ಹದ. ಗುಳಿ ಹಾಗೇ ಉಳಿದು ಬಣ್ಣ ಮಂಕಾಗಿದ್ದರೆ ಒಳಗೆ ಬೀಜ ಗಟ್ಟಿಯಾಗಿದೆ ಎಂದರ್ಥ. ಕೈಯಲ್ಲಿ ಎಳೆಯಬೇಡಿ, ಕತ್ತರಿ ಹಾಕಿ.

• ಟೊಮೆಟೊ ಗಿಡದಲ್ಲೇ ಕೆಂಪಾಗಬೇಕೆಂಬ ಹಟ ಬೇಡ. ತಳದಲ್ಲಿ ಗುಲಾಬಿ ಬಣ್ಣ ತಿರುಗಿದೊಡನೆ ಕಿತ್ತು ಅಡುಗೆಮನೆಯ ಬುಟ್ಟಿಯಲ್ಲಿಡಿ, ಅಲ್ಲೇ ಹಣ್ಣಾಗುತ್ತದೆ. ಫ್ರಿಜ್ಜಿನಲ್ಲಿ ಮಾತ್ರ ಬೇಡ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಗಿಡದಲ್ಲೇ ಬಿಟ್ಟ ಹಣ್ಣು ಹಳದಿ ಹಳದಿಯಾಗಿ ಉಳಿಯುವುದುಂಟು. ರೋಗ ಎಂದುಕೊಂಡು ಔಷಧಿ ತರಲು ಓಡುತ್ತಾರೆ. ಸೆಕೆ ಜಾಸ್ತಿಯಾದಾಗ ಕೆಂಪು ಬಣ್ಣ ಕೂಡುವುದಿಲ್ಲ, ಅಷ್ಟೇ.

• ಮೆಂತ್ಯ, ಕೊತ್ತಂಬರಿ ಹೂಕಡ್ಡಿ ಏಳುವ ಮುಂಚೆ, ಬೆಳಿಗ್ಗೆ ಬಿಸಿಲೇರುವ ಮುಂಚೆ. ದಂಟನ್ನು ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಮೈಸೂರು ರಸ್ತೆಯ ಧೂಳು ಯಾವ ಮಹಡಿಯನ್ನೂ ಬಿಡುವುದಿಲ್ಲ, ಉಪ್ಪು ನೀರಿನಲ್ಲಿ ನೆನೆಸಿ ಎರಡು ಸಲ ತೊಳೆಯಿರಿ. ಕುಂಡಕ್ಕೆ ಮಣ್ಣು ಬೇಕೆಂದು ವೃಷಭಾವತಿಯ ದಡಕ್ಕಂತೂ ಹೋಗಬೇಡಿ. ಕಾರ್ಖಾನೆ ನೀರು, ಚರಂಡಿ ನೀರು ಹರಿದ ಆ ಮಣ್ಣಿನಲ್ಲಿ ಸೀಸದಂಥ ಭಾರಲೋಹ ಇರುತ್ತದೆ. ಅದು ಸೊಪ್ಪಿಗೆ ಏರಿದ ಮೇಲೆ ಎಷ್ಟು ತೊಳೆದರೂ ಬರುವುದಿಲ್ಲ.

• ಇನ್ನು ಅವರೆ. ಇದಕ್ಕೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹದ ತಪ್ಪಿದ ಅವರೆ ತಿನ್ನುವ ಬದಲು ಅಂಗಡಿಯ ಬಟಾಣಿ ತಿನ್ನಬಹುದು. ನಾಟಿ ಅವರೆ ಹಗಲು ಚಿಕ್ಕದಾಗುವುದನ್ನು ನೋಡಿಕೊಂಡು ಹೂ ಬಿಡುವ ಗಿಡ. ಆಷಾಢ, ಶ್ರಾವಣದಲ್ಲಿ ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ಹಾಕಿದ್ದು ಇಬ್ಬನಿ ಬೀಳುವ ಡಿಸೆಂಬರಿಗೆ ಕಾಯಾಗುತ್ತಿತ್ತು. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದವರ ಹೆಬ್ಬಾಳ ಅವರೆ-4 ತಳಿ ಯಾವ ಕಾಲದಲ್ಲಿ ಹಾಕಿದರೂ ಕಾಯಿ ಕೊಡುತ್ತದೆ, ಗಿಡವೂ ಕುಳ್ಳಗಿರುವುದರಿಂದ ತಾರಸಿಗೆ ಅನುಕೂಲ. ಸೊಗಡು ಬೇಕೆನ್ನುವವರು ನಾಟಿಯನ್ನೇ ಡ್ರಮ್ಮಿಗೆ ಹಾಕಿ ಚಪ್ಪರಕ್ಕೆ ಹಬ್ಬಿಸಿ.

ಕಾಯಿಯನ್ನು ಬೆರಳ ಮಧ್ಯೆ ಹಿಡಿದು ಹೆಬ್ಬೆರಳನ್ನು ಉದ್ದಕ್ಕೂ ಓಡಿಸಿ. ಒಂದೊಂದು ಕಾಳೂ ಬೇರೆ ಬೇರೆಯಾಗಿ ಉಬ್ಬಿದಂತೆ ತಗಲಬೇಕು, ಸಿಪ್ಪೆ ಇನ್ನೂ ಹಸಿರಾಗಿರಬೇಕು, ಕೈಗೆ ಸೊನೆ ಅಂಟಬೇಕು. ನಾಲ್ಕು ಕಾಯಿ ಬಿಡಿಸಿ ಕೈ ಮೂಸಿ ನೋಡಿದರೆ ಸೊಗಡು ಇದೆಯೋ ಇಲ್ಲವೋ ತಿಳಿಯುತ್ತದೆ. ಉಪ್ಪಿಟ್ಟು, ಅಕ್ಕಿರೊಟ್ಟಿಗೆ ಕೊಂಚ ಎಳೆಯದಾದರೂ ನಡೆಯುತ್ತದೆ. ಹಿತುಕಿದ ಬೇಳೆಗೆ ಕಾಳು ಚೆನ್ನಾಗಿ ತುಂಬಿರಬೇಕು. ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿಸುಕಿದರೆ ಬೇಳೆ ಪುಳಕ್ಕನೆ ಹಾರಬೇಕು, ಎಳೆಯದಾದರೆ ಬೆರಳಲ್ಲೇ ನಜ್ಜುಗುಜ್ಜಾಗುತ್ತದೆ. ಸಿಪ್ಪೆ ಹಳದಿಗೆ ತಿರುಗಿ ತೊಗಲಿನಂತಾಗಿದ್ದರೆ ಸಾರಿನ ಆಸೆ ಬಿಟ್ಟು ಒಣಗಲು ಬಿಡಿ, ಬೀಜಕ್ಕಾಯಿತು. ಎಲೆ ಒದ್ದೆಯಿರುವಾಗ ಗಿಡ ಮುಟ್ಟಬೇಡಿ, ತುಕ್ಕುರೋಗ ಒಂದರಿಂದ ಇನ್ನೊಂದಕ್ಕೆ ಕೈಯಲ್ಲೇ ಹರಡುತ್ತದೆ.

• ಪಿಜಿ ಹುಡುಗರು ಸುತ್ತಿ ಬಳಸಿ ಕೇಳುವ ಪ್ರಶ್ನೆಯೂ ಒಂದಿದೆ. ‘ಅಂಕಲ್, ಇನ್ನೊಂದು ಥರದ ಗಿಡ ಇದೆ, ಅದರ ಹೂವು ಯಾವಾಗ ಕೀಳೋದು?’ ಗಾಂಜಾ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಅದರ ಕೊಯ್ಲಿನ ಹದ ನಾನು ಹೇಳುವುದಿಲ್ಲ ಕಣ್ರಪ್ಪ, ಕಾನೂನು ಹೇಳುತ್ತೇನೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಆ ಗಿಡ ಬೆಳೆಸುವುದೇ ಅಪರಾಧ. ಅದು ಹೂ ಬಿಡುವ ತನಕ ಪೊಲೀಸರು ಕಾಯಬೇಕಿಲ್ಲ, ಒಂದೇ ಕುಂಡ ಎಂಬ ರಿಯಾಯಿತಿಯೂ ಇಲ್ಲ. 20ನೇ ಸೆಕ್ಷನ್ ಪ್ರಕಾರ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಗೊತ್ತಿದ್ದೂ ಸುಮ್ಮನಿದ್ದ ಮನೆ ಮಾಲೀಕನನ್ನೂ 25ನೇ ಸೆಕ್ಷನ್ ಬಿಡುವುದಿಲ್ಲ. 2024ರ ನವೆಂಬರಿನಲ್ಲಿ ಬೆಂಗಳೂರಿನಲ್ಲೇ ಒಂದು ದಂಪತಿ ಬಾಲ್ಕನಿಯ ಕುಂಡಗಳ ಫೋಟೊ ಫೇಸ್‌ಬುಕ್ಕಿಗೆ ಹಾಕಿದರು, ಗಾಂಜಾ ಗಿಡ ಯಾರದೋ ಕಣ್ಣಿಗೆ ಬಿತ್ತು, ಸದಾಶಿವನಗರ ಪೊಲೀಸರು ಬಾಗಿಲು ತಟ್ಟಿದರು. ಯಾದಗಿರಿ ಕಡೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಲ್ಲವೇ ಎಂದು ವಾದ ಮಾಡುವವರೂ ಸಿಗುತ್ತಾರೆ. ದೇವರ ಹೆಸರಿನಲ್ಲಿ ನಿಮ್ಮ ಬಾಲ್ಕನಿಗೆ ಲೈಸೆನ್ಸ್ ಸಿಗುವುದಿಲ್ಲ. ಘಮಘಮ ಬೇಕಾದರೆ ಆ ಕುಂಡದಲ್ಲಿ ಕಾಮಕಸ್ತೂರಿ ಹಾಕಿ. ಎಲೆಗೆ ಬೆಳೆಸುವುದಾದರೆ ಹೂವು ಅರಳುವ ಮುಂಚೆ ತುದಿ ಚಿವುಟಿ. ಬೀಜಕ್ಕಾದರೆ ತೆನೆ ಕಂದಾಗಿ ಒಣಗುವ ತನಕ ಬಿಡಿ, ಅಂಗೈ ಮೇಲೆ ಉಜ್ಜಿದರೆ ಕಪ್ಪು ಬೀಜ ಉದುರುತ್ತದೆ. ಬೇಸಗೆಯ ಶರಬತ್ತಿಗಾಯಿತು.

• ಕಡಲೆಕಾಯಿಯನ್ನೂ ಈಗ ಗ್ರೋ ಬ್ಯಾಗಿನಲ್ಲಿ ಬೆಳೆಯುತ್ತಾರೆ. ಒಂದು ಗಿಡ ಕಿತ್ತು ನಾಲ್ಕು ಕಾಯಿ ಒಡೆಯಿರಿ. ಸಿಪ್ಪೆಯ ಒಳಮೈ ಬಿಳಿ ಇದ್ದರೆ ಇನ್ನೂ ಎಳಸು, ಕಂದು ಮಚ್ಚೆ ಮೂಡಿದ್ದರೆ ಬಲಿತಿದೆ. ಬಸವನಗುಡಿಯ ಪರಿಷೆಗೆ ಒಂದು ಹಿಡಿಯಾದರೂ ನಮ್ಮದಿರಲಿ ಎಂದು ತಡ ಮಾಡಬೇಡಿ, ಟಿಎಂವಿ-2ರಂಥ ತಳಿ ಮಣ್ಣಿನಲ್ಲೇ ಮೊಳಕೆ ಒಡೆದುಬಿಡುತ್ತದೆ.

• ಗೆಣಸನ್ನು ಅಡ್ಡಕ್ಕೆ ಕುಯ್ದು ಸ್ವಲ್ಪ ಹೊತ್ತು ಬಿಡಿ. ಕುಯ್ದ ಜಾಗ ಕಪ್ಪು ಹಸಿರಿಗೆ ತಿರುಗಿದರೆ ಇನ್ನೂ ಕಾಯಬೇಕು. ಬಣ್ಣ ಕೆಡದೆ ಒಣಗಿದರೆ ಅಗೆಯಿರಿ.

• ಸೈಟಿನ ಮೂಲೆಯಲ್ಲಿ ಬಾಳೆ ಇದ್ದರೆ ಕಾಯಿಯ ಏಣು ನೋಡಿ. ಏಣು ಮಾಸಿ ಕಾಯಿ ದುಂಡಾದಾಗ ಗೊನೆ ಕಡಿಯಿರಿ. ಪೂರ್ತಿ ಹಣ್ಣಾಗಲೆಂದು ಗಿಡದಲ್ಲೇ ಬಿಟ್ಟರೆ ಸಿಪ್ಪೆ ಸೀಳುತ್ತದೆ, ರಾತ್ರಿ ಬಾವಲಿ ಬರುತ್ತದೆ. ಕಡಿದ ಚಿಪ್ಪುಗಳನ್ನು ಒಂದು ಹಣ್ಣಿನ ಜೊತೆ ಗೋಣಿಚೀಲದಲ್ಲಿ ಮುಚ್ಚಿಡಿ. ಕಾರ್ಬೈಡ್ ಕಡೆ ತಿರುಗಿಯೂ ನೋಡಬೇಡಿ, ಕಾನೂನೇ ಅದನ್ನು ನಿಷೇಧಿಸಿದೆ. ಗೊನೆ ಕೊಟ್ಟ ಗಿಡ ಮತ್ತೆ ಕೊಡುವುದಿಲ್ಲ, ಕಡಿದು ಕಂದಿಗೆ ದಾರಿ ಬಿಡಿ.

• ಸೀತಾಫಲದ ಕಣ್ಣುಗಳ ನಡುವಿನ ಗೆರೆ ಅಗಲವಾಗಿ ಕೆನೆಹಳದಿ ಕಂಡಾಗ ಕೀಳಿ. ಅದಕ್ಕೆ ಮುಂಚೆ ಕಿತ್ತದ್ದು ಅಕ್ಕಿಡಬ್ಬದಲ್ಲಿ ಹುಗಿದಿಟ್ಟರೂ ಕರಕಲಾಗುತ್ತದೆಯೇ ಹೊರತು ಹಣ್ಣಾಗುವುದಿಲ್ಲ. ಅಳಿಲಿಗೆ ಹೆದರುವವರು ಕಾಯಿಗೆ ಬಟ್ಟೆಚೀಲ ಕಟ್ಟಲಿ.

• ಬೂದುಗುಂಬಳಕ್ಕೆ ಬೂದಿ ಚೆನ್ನಾಗಿ ಕೂತಿರಬೇಕು, ಉಗುರು ಇಳಿಯಬಾರದು. ಸಿಹಿಗುಂಬಳದ ತೊಟ್ಟು ಒಣಗಿ ಬೆಂಡಿನಂತಾಗಿರಬೇಕು. ಎರಡನ್ನೂ ಮೂರು ಬೆರಳು ತೊಟ್ಟು ಬಿಟ್ಟು ಕುಯ್ಯಿರಿ, ತೊಟ್ಟು ಮುರಿದ ಕುಂಬಳ ಅಲ್ಲಿಂದಲೇ ಕೊಳೆಯುತ್ತದೆ. ಆಯುಧಪೂಜೆಗೆ ಒಡೆಯಲು ಬೇಕಿದ್ದರೆ ಬೀಜ ಜೂನ್‌ನಲ್ಲೇ ಹಾಕಿರಬೇಕು.

• ಅರಿಶಿನಕ್ಕೆ ಎಂಟೊಂಬತ್ತು ತಿಂಗಳು. ಸಂಕ್ರಾಂತಿ ಪೂಜೆಗೆಂದು ಎಲೆ ಸಮೇತ ಒಂದೆರಡು ಬುಡ ಕಿತ್ತುಕೊಳ್ಳಿ, ತಪ್ಪಿಲ್ಲ. ಉಳಿದದ್ದರ ಎಲೆ ತಾನಾಗಿ ಹಳದಿಯಾಗಿ, ಒಣಗಿ, ನೆಲಕ್ಕೆ ಒರಗುವ ತನಕ ಮುಟ್ಟಬೇಡಿ. ಒರಗಿದ ಮೇಲೆ ನೀರು ನಿಲ್ಲಿಸಿ, ಒಂದು ವಾರ ಬಿಟ್ಟು ಕುಂಡವನ್ನು ಗೋಣಿಚೀಲದ ಮೇಲೆ ಬೋರಲು ಹಾಕಿ. ತಾಯಿಗೆಡ್ಡೆ ಬೀಜಕ್ಕೆ ಎತ್ತಿಟ್ಟು, ಬೆರಳುಗೆಡ್ಡೆ ಬೇಯಿಸಿ ಒಣಗಿಸಿ. ಬಿತ್ತನೆಗೆ ಮತ್ತೆ ಏಪ್ರಿಲ್, ಮೇ ಮಳೆ ಸಾಕು.