ದಹನಕೋಷ್ಠದ ಒತ್ತಡ

ಬಯಲಿನಲ್ಲಿ ಚೆಲ್ಲಿದ ಮದ್ದಿಗೆ ಕಿಡಿ ತಾಗಿದರೆ ಅದು ಭಗ್ಗನೆ ಉರಿದು ಹೊಗೆಯಾಗಿ ಹೋಗುತ್ತದೆ. ಅದೇ ಮದ್ದನ್ನು ಕೊಳವೆಯಲ್ಲಿ ತುಂಬಿ, ಒಂದು ಕಡೆ ಮಾತ್ರ ಕಿರಿದಾದ ಕಂಡಿ ಬಿಟ್ಟು ಹೊತ್ತಿಸಿದರೆ ಕೊಳವೆಯೇ ಆಕಾಶಕ್ಕೇರುತ್ತದೆ. ಬೆಂಕಿ ಒಂದೇ, ಫಲ ಬೇರೆ. ಈ ಭೇದಕ್ಕೆ ಕಾರಣವಾದುದು ಒತ್ತಡ. ದೀಪಾವಳಿಯ ಬಾಣಬಿರುಸಿನಿಂದ ಮೊದಲ್ಗೊಂಡು ಮಾನವನನ್ನು ಚಂದ್ರನಲ್ಲಿಗೆ ಒಯ್ದ ರಾಕೆಟ್ಟಿನವರೆಗೆ ತತ್ತ್ವ ಇದೊಂದೇ.

ಈ ತತ್ತ್ವದ ಇತಿಹಾಸದಲ್ಲಿ ಕನ್ನಡನಾಡಿಗೆ ಗಣ್ಯವಾದ ಸ್ಥಾನವುಂಟು. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿ ಹಾಗೂ ಟಿಪ್ಪು ಸುಲ್ತಾನರ ಸೈನ್ಯವು ಮದ್ದನ್ನು ಕಬ್ಬಿಣದ ಕೊಳವೆಗಳಲ್ಲಿ ತುಂಬಿ ಪ್ರಯೋಗಿಸಿತು. ಕಾಗದದ ಕೊಳವೆ ತಾಳಲಾರದ ಒತ್ತಡವನ್ನು ಕಬ್ಬಿಣ ತಾಳಿತು. ಆದುದರಿಂದ ಬಾಣದ ವೇಗವೂ ಅದು ಕ್ರಮಿಸುವ ದೂರವೂ ಹೆಚ್ಚಿದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಈ ಬಾಣಗಳು ಇಂಗ್ಲೆಂಡನ್ನು ಸೇರಿ ವಿಲಿಯಂ ಕಾಂಗ್ರೀವನ ಪ್ರಯೋಗಗಳಿಗೆ ಪ್ರೇರಣೆಯಾದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಇಂತಹ ಸಾವಿರಕ್ಕೂ ಮಿಕ್ಕ ಬಾಣಗಳು ದೊರೆತವು.

ಇಂದಿನ ದ್ರವ ಇಂಧನದ ಎಂಜಿನ್ನಿನಲ್ಲಿ ಇಂಧನವೂ ಅದನ್ನು ಉರಿಸುವ ಆಮ್ಲಜನಕವೂ ಪಂಪುಗಳ ಮೂಲಕ ದಹನಕೋಷ್ಠವನ್ನು ಹೊಕ್ಕು ಉರಿಯುತ್ತವೆ. ಹುಟ್ಟಿದ ಅನಿಲ ಹೊರಬೀಳಲು ಇರುವುದು ಕಿರಿದಾದ ಕಂಠವೊಂದೇ. ಒಳಬರುವ ದ್ರವ್ಯದ ಪ್ರಮಾಣವೂ ಕಂಠದಿಂದ ಹೊರಹೋಗುವ ಅನಿಲದ ಪ್ರಮಾಣವೂ ಸಮನಾಗುವವರೆಗೆ ಒಳಗಿನ ಒತ್ತಡ ಏರುತ್ತದೆ. ಒತ್ತಡ ಹೆಚ್ಚಿದಷ್ಟೂ ಸಣ್ಣ ಎಂಜಿನ್ನಿನಿಂದಲೇ ಹೆಚ್ಚಿನ ನೂಕುಬಲವನ್ನು ಪಡೆಯಬಹುದು. ಎರಡನೆಯ ಮಹಾಯುದ್ಧದ ಜರ್ಮನಿಯ ವಿ-2 ರಾಕೆಟ್ಟಿನಲ್ಲಿ ಈ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 15 ಪಟ್ಟು. ಚಂದ್ರಯಾತ್ರೆಯ ಸ್ಯಾಟರ್ನ್-5ರ ಎಫ್-1 ಎಂಜಿನ್ನಿನಲ್ಲಿ ಸುಮಾರು 70 ಪಟ್ಟು. ಅಮೆರಿಕದ ಬಾಹ್ಯಾಕಾಶ ಶಟಲ್ಲಿನ ಮುಖ್ಯ ಎಂಜಿನ್ನಿನಲ್ಲಿ 200 ಪಟ್ಟಿಗೂ ಮಿಗಿಲು. 70 ಪಟ್ಟೆಂದರೆ ಒಂದು ಚದರ ಸೆಂಟಿಮೀಟರಿನಷ್ಟು ಜಾಗದ ಮೇಲೆ ಬೆಳೆದ ಮನುಷ್ಯನೊಬ್ಬನ ಭಾರ ಬಿದ್ದಂತೆ.

ಆದರೆ ಈ ಲಾಭ ಬಿಟ್ಟಿಯಾಗಿ ದೊರೆಯುವುದಿಲ್ಲ. ಕೋಷ್ಠದೊಳಗಿರುವುದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಪಂಪು ಇಂಧನವನ್ನು ನೂಕಬೇಕು. ಇಲ್ಲವಾದರೆ ಇಂಧನ ಒಳಹೋಗುವ ಬದಲು ಉರಿಯೇ ಹಿಮ್ಮೆಟ್ಟೀತು. ಒಳಗಿನ ಅನಿಲದ ಶಾಖಕ್ಕೆ ಲೋಹವೇ ಕರಗಬಲ್ಲದು. ಆದಕಾರಣ ಕೋಷ್ಠದ ಗೋಡೆಯಲ್ಲಿ ಸಣ್ಣ ಕಾಲುವೆಗಳನ್ನು ಮಾಡಿ, ಉರಿಯಬೇಕಾದ ಇಂಧನವನ್ನೇ ಮೊದಲು ಅವುಗಳಲ್ಲಿ ಹರಿಸಿ ಗೋಡೆಯನ್ನು ತಣಿಸುತ್ತಾರೆ.

ಒತ್ತಡದ ಪ್ರಮಾಣಕ್ಕಿಂತಲೂ ಭಯಂಕರವಾದುದು ಅದರ ಚಾಂಚಲ್ಯ. ಕೋಷ್ಠದಲ್ಲಿ ಒತ್ತಡದ ಅಲೆಗಳೆದ್ದು ಒಂದನ್ನೊಂದು ಬೆಳೆಸಿದರೆ ಕ್ಷಣಮಾತ್ರದಲ್ಲಿ ಎಂಜಿನ್ ಛಿದ್ರವಾಗಬಹುದು. 1962ರ ಜೂನ್ ತಿಂಗಳಲ್ಲಿ ಪರೀಕ್ಷೆಯ ವೇಳೆ ಎಫ್-1 ಎಂಜಿನ್ನೊಂದು ಹೀಗೆಯೇ ನಾಶವಾಯಿತು. ಚಂದ್ರಯಾತ್ರೆಯ ಯೋಜನೆಯೇ ಸಂಶಯಕ್ಕೆ ಸಿಲುಕಿತು. ತಂತ್ರಜ್ಞರು ಅಪಾಯವನ್ನು ಕಾದು ಕೂಡಲಿಲ್ಲ. ಉರಿಯುತ್ತಿರುವ ಕೋಷ್ಠದಲ್ಲಿ ತಾವಾಗಿಯೇ ಸಣ್ಣ ಬಾಂಬುಗಳನ್ನು ಸಿಡಿಸಿ ಅಲೆಗಳನ್ನೆಬ್ಬಿಸಿದರು. ಇಂಧನ ಚಿಮ್ಮುವ ಫಲಕದ ಮೇಲೆ ತಡೆಗೋಡೆಗಳನ್ನಿಟ್ಟು, ರಂಧ್ರಗಳನ್ನು ಮತ್ತೆ ಮತ್ತೆ ತಿದ್ದಿ, ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಅಲೆಗಳು ತಾವೇ ಅಡಗುವಂತೆ ಮಾಡಿದರು. 1967ರಿಂದ 1973ರವರೆಗಿನ 13 ಸ್ಯಾಟರ್ನ್-5 ಉಡ್ಡಯನಗಳಲ್ಲಿ 65 ಎಫ್-1 ಎಂಜಿನ್‌ಗಳು ಉರಿದವು. ಒಂದಾದರೂ ನಡುವೆ ಕೈಕೊಡಲಿಲ್ಲ.

2022ರಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯಲ್ಲಿ ಇಸ್ರೋಗಾಗಿ ಕ್ರಯೋಜೆನಿಕ್ ಎಂಜಿನ್‌ಗಳನ್ನು ತಯಾರಿಸುವ ಘಟಕ ಉದ್ಘಾಟನೆಗೊಂಡಿತು. ಒಂದು ಕಾಲಕ್ಕೆ ಕಬ್ಬಿಣದ ಕೊಳವೆಯಲ್ಲಿ ಬೆಂಕಿಯನ್ನು ಬಂಧಿಸಿದ ನಾಡಿನಲ್ಲಿ ಆ ವಿದ್ಯೆ ಹೊಸ ರೂಪದಲ್ಲಿ ಮರಳಿ ನೆಲೆಗೊಂಡಿದೆ. ಬೆಂಕಿಯನ್ನು ಹೊತ್ತಿಸುವುದು ಸುಲಭ. ಅದನ್ನು ತಾಳುವ ಪಾತ್ರೆಯನ್ನು ಕಟ್ಟುವುದೇ ವಿದ್ಯೆ. ವಿದ್ಯಾರ್ಥಿಗಳು ಈ ಪಾಠವನ್ನು ಮನಗಾಣುವುದು ಶ್ರೇಯಸ್ಕರ.