ಪೊರೆ ಕಳಚುವುದು: ಒಂದು ಪದದ ಹಿನ್ನೆಲೆ



ಜೀವಶಾಸ್ತ್ರ ಓದುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ 'ಎಕ್ಡಿಸಿಸ್' ಎಂಬ ಇಂಗ್ಲಿಷ್ ಪದವನ್ನು ಕೇಳಿರುತ್ತೀರಿ. ಹಾವು, ಏಡಿ, ಜಿರಳೆಗಳು ತಮ್ಮ ಹಳೆಯ ಹೊದಿಕೆಯನ್ನು ಕಳಚುವುದಕ್ಕೆ ಈ ಹೆಸರು. ನಾವು 'ಪೊರೆ ಬಿಡುವುದು' ಎನ್ನುತ್ತೇವೆ. ವಿಜ್ಞಾನಿಗಳು ಇದನ್ನು ಬಳಕೆಗೆ ತಂದದ್ದು 19ನೆಯ ಶತಮಾನದಲ್ಲಿ. ಆದರೆ ಪದದ ಬೇರು ಬಹಳ ಹಳೆಯದು: ಗ್ರೀಕ್ ಭಾಷೆಯ 'ಎಕ್ದುಓ', ಅಂದರೆ ತೊಟ್ಟ ಬಟ್ಟೆಯನ್ನು ಕಳಚು.

ಈ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿದೆ. ಯೇಸುಸ್ವಾಮಿಯನ್ನು ಅಣಕಿಸಿದ ಸೈನಿಕರು ಅವರ ಮೈಮೇಲಿನ ಕೆನ್ನೀಲಿ ವಸ್ತ್ರವನ್ನು ತೆಗೆದಾಗ (ಮಾರ್ಕ 15:20), ಜೆರಿಕೋ ದಾರಿಯಲ್ಲಿ ಕಳ್ಳರು ಪ್ರಯಾಣಿಕನ ಬಟ್ಟೆ ಸುಲಿದಾಗ (ಲೂಕ 10:30) ಬರುವುದು ಇದೇ ಪದ. ಸಂತ ಪೌಲರು ಕೊಲೊಸ್ಸೆಯವರಿಗೆ ಬರೆಯುವಾಗ ಇದಕ್ಕೆ 'ಅಪೊ' ಎಂಬ ಉಪಸರ್ಗ ಸೇರಿಸಿ, ಹಳೆಯ ಮನುಷ್ಯನನ್ನು ಕಳಚಿ ದೂರ ಹಾಕಿದ್ದೀರಿ ಎನ್ನುತ್ತಾರೆ (3:9). ಹೊಸಬನನ್ನು ಧರಿಸಿಕೊಳ್ಳುವುದಕ್ಕೆ ಅವರು ಬಳಸಿದ 'ಎಂದುಓ' ಇದರ ಜೋಡಿ ಪದ. ಪುರಾತನ ಧರ್ಮಸಭೆಯಲ್ಲಿ ಜ್ಞಾನಸ್ನಾನ ಪಡೆಯುವವರು ಹಳೆಯ ಉಡುಪು ಕಳಚಿ ನೀರಿಗಿಳಿಯುತ್ತಿದ್ದರು. ಇಂದು ನಿಮ್ಮ ಮಗುವಿಗೆ ಗುರುಗಳು ಬಿಳಿ ವಸ್ತ್ರ ತೊಡಿಸುವುದು ಇದರ ಮುಂದುವರಿಕೆಯೇ.

ಪೌಲರ ಮನಸ್ಸಿನಲ್ಲಿದ್ದದ್ದು ಬಟ್ಟೆ, ಹಾವಲ್ಲ. ಹಾವನ್ನು ಇಲ್ಲಿಗೆ ತಂದವರಲ್ಲಿ ಸಂತ ಅಗಸ್ತೀನರು ಒಬ್ಬರು. 'ಕ್ರೈಸ್ತ ಬೋಧನೆ' ಎಂಬ ಗ್ರಂಥದ ಎರಡನೆಯ ಭಾಗದಲ್ಲಿ ಅವರು, ಹಾವು ಇಕ್ಕಟ್ಟಾದ ಸಂದಿಯಲ್ಲಿ ನುಸುಳಿ ಪೊರೆ ಕಳಚುವುದನ್ನು ಪೌಲರ ಮಾತಿಗೂ ಇಕ್ಕಟ್ಟಾದ ಬಾಗಿಲಿನ ಬಗ್ಗೆ ಪ್ರಭು ಹೇಳಿದ ಮಾತಿಗೂ ಹೊಂದಿಸುತ್ತಾರೆ. ಆದಿಕಾಂಡದ ಸರ್ಪದಿಂದಾಗಿ ಕೆಟ್ಟ ಹೆಸರು ಹೊತ್ತ ಜೀವಿಯಿಂದಲೂ ಪಾಠ ಕಲಿಯಬಹುದಲ್ಲ!

ಹಾವು ಪೊರೆ ಬಿಡುವುದು ಒಂದು ಗಳಿಗೆಯ ಕೆಲಸವಲ್ಲ. ಅದಕ್ಕೆ ರೆಪ್ಪೆಗಳಿಲ್ಲ, ಕಣ್ಣಿನ ಮೇಲೂ ಪಾರದರ್ಶಕ ಪೊರೆಯೇ ಇರುತ್ತದೆ. ಕಳಚುವುದಕ್ಕೆ ಕೆಲವು ದಿನ ಮೊದಲು ಅದು ಮಬ್ಬಾಗಿ ಹಾವಿಗೆ ಸರಿಯಾಗಿ ಕಾಣುವುದಿಲ್ಲ. ಆಗ ಅದು ಅಡಗಿರುತ್ತದೆ, ಕೆಣಕಿದರೆ ಬೇಗ ರೇಗುತ್ತದೆ. ಆಮೇಲೆ ಮೂತಿಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ಬಿಡಿಸಿಕೊಳ್ಳುತ್ತದೆ. ಏಡಿಯ ಕಷ್ಟ ಇನ್ನೂ ಹೆಚ್ಚು. ಚಿಪ್ಪು ಬಿಟ್ಟ ಏಡಿ ಎಷ್ಟು ಮೆತ್ತಗಿರುತ್ತದೆ ಎಂಬುದನ್ನು ಕರಾವಳಿಯವರು ಬಲ್ಲರು. ಹೊಸ ಚಿಪ್ಪು ಗಟ್ಟಿಯಾಗುವ ತನಕ ಅದು ಯಾರ ಬಾಯಿಗಾದರೂ ತುತ್ತಾಗಬಹುದು.

ಈಗ ನಿಮ್ಮ ಮನೆಯ ಕಡೆ ನೋಡಿ. ತಪಸ್ಸುಕಾಲದಲ್ಲಿ ಪಾಪನಿವೇದನೆ ಮಾಡಿ ಕುಡಿತ ಬಿಟ್ಟ ಗಂಡ, ಬಾಯಿಬಡುಕತನ ಬಿಡಲು ಹೆಣಗುತ್ತಿರುವ ಅತ್ತೆ, ಸುಳ್ಳು ಹೇಳಿ ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡ ಮಗ. ಆ ಮೊದಲ ವಾರಗಳಲ್ಲಿ ಅವರು ಸಿಡುಕಬಹುದು, ಒಬ್ಬರೇ ಕೂರಬಹುದು. ಆಗಲೇ ನಾವು ಊಟದ ಹೊತ್ತಿನಲ್ಲಿ "ನೀವು ಎಷ್ಟು ದಿನ ಹೀಗಿರ್ತೀರಿ, ನೋಡೋಣ" ಎಂದುಬಿಡುತ್ತೇವೆ. ಹಾವು ಹೋಗಿ ಎಷ್ಟೋ ದಿನವಾಗಿದ್ದರೂ ಬೇಲಿಗೆ ಸಿಕ್ಕಿದ ಪೊರೆಯನ್ನು ಕೋಲಿನಲ್ಲಿ ಎತ್ತಿ ತೋರಿಸಿ ಎಲ್ಲರನ್ನೂ ಹೆದರಿಸುವ ಹುಡುಗರ ಹಾಗೆ! ನೆರೆಮನೆಯವರ ಮುಂದೆ ಈ ಮಾತು ಬಂದರಂತೂ ಮೆತ್ತಗಿನ ಏಡಿಯನ್ನು ದಡಕ್ಕೆಸೆದಂತೆಯೇ.

ಪೌಲರು ಕಳಚುವ ಮಾತನ್ನು ಎಲ್ಲಿ ಇಟ್ಟಿದ್ದಾರೆ ಗಮನಿಸಿ. ಅದರ ಹಿಂದಿನ ವಚನದಲ್ಲಿ ಕೋಪ, ಕ್ರೋಧ, ಚಾಡಿ, ಹೊಲಸು ಮಾತು. ಅದೇ ವಚನದಲ್ಲಿ ಒಬ್ಬರಿಗೊಬ್ಬರು ಸುಳ್ಳು ಹೇಳದಿರುವ ವಿಷಯ. ಸ್ವಲ್ಪ ಮುಂದೆ, ಮಕ್ಕಳನ್ನು ಕೆಣಕಿ ಎದೆಗುಂದಿಸಬಾರದೆಂದು ತಂದೆಯರಿಗೆ ಎಚ್ಚರಿಕೆ (3:21). ಎಲ್ಲವೂ ಮನೆಯೊಳಗಿನ ನಾಲಿಗೆಯ ಮಾತೇ.

"ಈ ವಯಸ್ಸಿನಲ್ಲಿ ನನ್ನ ಗುಣ ಬದಲಾಗುತ್ತದೆಯೇ?" ಎನ್ನುವ ಹಿರಿಯರೂ ಇದ್ದಾರೆ. ಹಾವು ಬದುಕಿರುವಷ್ಟು ಕಾಲವೂ ಪೊರೆ ಬಿಡುತ್ತಲೇ ಇರುತ್ತದೆ. ಅದು ಕಳಚಿಟ್ಟ ಪೊರೆಗೆ ಗ್ರೀಕರು 'ಗೇರಸ್' ಎನ್ನುತ್ತಿದ್ದರು. ಆ ಪದದ ಸಾಮಾನ್ಯ ಅರ್ಥ ಮುಪ್ಪು. ಗಬ್ರಿಯೇಲ ದೂತನು ಮಾತೆ ಮರಿಯಮ್ಮನವರಿಗೆ ಎಲಿಜಬೇತಮ್ಮನವರ ಸುದ್ದಿ ತಿಳಿಸುವಾಗ ಸಂತ ಲೂಕರು ಬಳಸಿರುವುದೂ ಅದೇ ಪದ (1:36). ಬಂಜೆ ಎನಿಸಿಕೊಂಡಿದ್ದ ಆ ತಾಯಿಗೆ ಆಗ ಆರನೆಯ ತಿಂಗಳು.